ಓದುವವರನ್ನು ಮಾತಾಡಿಸಬಾರದು

ಈ ಪುಸ್ತಕದ ದುಡ್ಡಿಗೆ ಒಂದು ಒಳ್ಳೆಯ ಮೀನು ಬರುತ್ತಿತ್ತು, ಬಸ್ಸಿನ ಟಿಕೆಟ್ಟಿಗೆ ಇನ್ನೊಂದು, ಅಷ್ಟು ಸುರಿದು ಗುಡ್ಡ ಹತ್ತಿ ಬಂದು ಹೆಣ ನೋಡುತ್ತಾ ಕೂತಿದ್ದೇನೆ, ಇದು ಮೂರನೆಯದು, ಮಂಜುಗಡ್ಡೆಯ ಕೆಳಗೆ ಕಣ್ಣು ತೆರೆದುಕೊಂಡೇ ಇದೆ — ಬರೆದವನಿಗೆ ಕರುಣೆಯೇ ಇಲ್ಲ, ಇರಲಿ, ಎದುರಿಗೆ ಕೂತವಳಿಗಿಂತ ವಾಸಿ. ಗೆರ್ಡ್, ನನ್ನ ನಾದಿನಿ, ಒಲೆಯ ಆಚೆ ಕಿತ್ತಳೆ ಸುಲಿಯುತ್ತಿದ್ದಾಳೆ, ಸಿಪ್ಪೆ ಕೀಳುವ ಸದ್ದೂ ಬೈದ ಹಾಗಿದೆ, ತೊಡೆಯ ಮೇಲೆ ಪುಸ್ತಕದ ಕೊನೆಯ ಭಾಗ. ಈಸ್ಟರ್ ರಜೆಗೆ ಕೊಲೆ ಕಥೆ ಓದುವುದು ನಮ್ಮ ಕಡೆಯ ವಾಡಿಕೆ, ಪುಸ್ತಕ ಒಂದು, ಓದುವವರು ಇಬ್ಬರು, ಪ್ರತಿ ಈಸ್ಟರಿನ ಹಾಗೆ ಈ ಸಲವೂ ಬ್ರೆಡ್ಡಿನ ಚಾಕುವಿನಿಂದ ಅದರ ಬೆನ್ನು ಸೀಳಿದಳು, ಅವಳು ಮುಂದೆ, ಅವಳು ಓದಿ ಮುಗಿಸಿದ ಭಾಗ ಹಿಡಿದು ನಾನು ಹಿಂದೆ, ನನ್ನ ಹಿಂದೆ ನನ್ನ ಗಂಡ ಟೂರ್ಲೈಫ್ ಇರುತ್ತಿದ್ದ, ಕೊಲೆಗಾರ ಸಿಕ್ಕಿದ್ನಾ ಅಂತ ಊಟಕ್ಕೆ ಕೂತಾಗಲೆಲ್ಲ ಕೇಳಿ ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದ — ಅವನಿಲ್ಲದ ಮೊದಲ ಈಸ್ಟರ್. ಬಸ್ಸಿಳಿದು ಹಿಮದಲ್ಲಿ ನಡೆಯಲು ಕಾಲಿಗೆ ಸ್ಕೀ ಕಟ್ಟುವಾಗಲೇ ಗೆರ್ಡ್ ನನ್ನ ಹೆಸರು ಹಿಡಿದು ಹೇಳಿದ್ದಳು, ಮೇಲೆ ಹೋದ್ಮೇಲೆ ಈ ಮನೆ ವಿಷ್ಯ ಮಾತಾಡ್ಬೇಕು ಒಡ್ನಿ, ಯಾವ ಮಾತು ಅಂತ ನನಗೆ ಗೊತ್ತಿಲ್ಲವೇ, ಗುಡ್ಡದ ಮನೆ ಅವರಪ್ಪನದು, ಗಂಡ ಸತ್ತ, ಮಕ್ಕಳಿಲ್ಲ, ಇನ್ನು ನಿನಗೇನು ಕೆಲಸ ಇಲ್ಲಿ, ಅಷ್ಟೇ. ಅದಕ್ಕೇ ಓದುತ್ತಿದ್ದೇನೆ. ಅತ್ತೆ ಇಟ್ಟುಹೋದ ಕಟ್ಟಳೆ ಒಂದಿದೆ, ಈಸ್ಟರಿನಲ್ಲಿ ಕೊಲೆ ಕಥೆ ಓದುತ್ತಿರುವವರನ್ನು ಯಾರೂ ಮಾತಾಡಿಸಬಾರದು, ಮನೆಗೆ ಬೆಂಕಿ ಬಿದ್ರೆ ಅಂತ ಹೊಸ ಸೊಸೆ ನಾನು ಕೇಳಿದ್ದೆ, ಅಧ್ಯಾಯ ಮುಗಿಸ್ಕೊಂಡು ಓಡು ಅಂದಿದ್ದರು. ಗೆರ್ಡ್ ಅಮ್ಮನ ಮಾತು ಮೀರುವವಳಲ್ಲ, ಸೋಮವಾರ ಬೀಗ ಹಾಕಿ ಇಳಿಯುವವರೆಗೂ ಓದುತ್ತಲೇ ಇದ್ದರೆ ಅವಳ ಮಾತು ಮುಂದಿನ ಈಸ್ಟರಿಗೆ ಹೋಗುತ್ತದೆ, ಫೋನಿನಲ್ಲಿ ಇಂಥದ್ದು ಆಡುವ ಜನ ಅಲ್ಲ ಇವರು, ಇನ್ನೊಂದು ವರ್ಷ ಈ ಕಿಟಕಿ, ಟೂರ್ಲೈಫ್ ನನ್ನ ಕಾಲಳತೆಗೇ ಮಾಡಿದ ಈ ಮಂಚ, ಆದ್ದರಿಂದ ನಿಧಾನ, ಬೆರಳು ಒದ್ದೆ ಮಾಡಿಕೋ, ಪುಟ ತಿರುವು, ಮತ್ತೆ ಹಿಂದಕ್ಕೆ ತಿರುವು. ಅವಳಿಗೂ ಗೊತ್ತು. ನನ್ನನ್ನು ಮಾತಾಡಿಸುವುದಿಲ್ಲ, ಒಲೆಯ ಹತ್ತಿರ ಹೇಳುತ್ತಾಳೆ, ನೋಡಿದ್ಯಾ ಒಲೆಯೇ, ಕೆಲವ್ರಿಗೆ ಒಂದು ಪುಟಕ್ಕೆ ಅರ್ಧ ದಿನ ಬೇಕು, ಇಸ್ಕೂಲ್ ಮೆಟ್ಲು ಹತ್ತಿದ್ರೋ ಇಲ್ವೋ — ನಾನು ಕಾಫಿ ಕೆಟಲಿಗೆ ಹೇಳಿದೆ, ಕೇಳಿದ್ಯಾ ಕೆಟಲೇ, ಕೆಲವ್ರಿಗೆ ನುಂಗೋದು ಗೊತ್ತು, ಅಗಿಯೋದು ಗೊತ್ತಿಲ್ಲ.

ಆದರೆ ಈ ಹಾಳು ಪುಸ್ತಕ, ದೋಣಿಮನೆಯ ಬಾಗಿಲು ಬೆರಳಷ್ಟು ತೆರೆದಿದೆ, ಒಳಗೆ ಹುಡುಗಿ ಉಸಿರು ಹಿಡಿದು ಬಲೆಯ ಹಿಂದೆ, ಹಿಮದ ಮೇಲೆ ಹೆಜ್ಜೆ, ನಿಂತಿತು, ಮತ್ತೆ ಹೆಜ್ಜೆ, ಕಾಫಿ ಆರಿಹೋಗಿದೆ, ಆ ಪೊಲೀಸ್ ಮುದುಕ ಎಲ್ಲಿ ಸತ್ತ, ಪುಟ, ಪುಟ, ಬೆರಳು ಒದ್ದೆ ಮಾಡಲು ಯಾರಿಗೆ ಪುರುಸೊತ್ತು, ಬಾಗಿಲು ಅಲುಗಿತು, ಕೈಗವಸು ತೊಟ್ಟ ಕೈಯೊಂದು ಬಾಗಿಲಿನ ಅಂಚು ಹಿಡಿಯಿತು, ಆ ಕೈ ಅವಳಿಗೆ ಗೊತ್ತಿರುವ — ಇಲ್ಲ. ಪುಟ ಇಲ್ಲ. ಸೀಳಿದ ಅಂಚು, ಒಣಗಿದ ಅಂಟು, ನನ್ನ ಭಾಗ ಮುಗಿದಿದೆ. ಇನ್ನೂ ಶನಿವಾರ. ಹಿಂದಕ್ಕೆ ತಿರುವಬೇಕು, ಸುಮ್ಮನೆ ಓದುವ ಹಾಗೆ ಮಾಡಬೇಕು, ಬುದ್ಧಿ ಇದ್ದವಳು ಅದನ್ನೇ ಮಾಡುತ್ತಾಳೆ, ಆದರೆ ಯಾರ ಕೈ ಅದು, ಯಾರ ಕೈ — ಕೊಡು ಇಲ್ಲಿ ಗೆರ್ಡ್.

ಅಂದುಬಿಟ್ಟೆ. ನಾನೇ. ಅವಳು ಕಿತ್ತಳೆ ಕೆಳಗಿಟ್ಟಳು, ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಮೊದ್ಲು ಮಾತಾಡಿದ್ದು ನೀನು, ಅಮ್ಮನಾಣೆ ನಾನಲ್ಲ, ಅಂದಳು. ಕೊಡ್ತೀಯೋ ಇಲ್ವೋ. ಕೊಡ್ತೀನಿ, ಕೇಳಿಸ್ಕೋ ಮೊದ್ಲು, ಬೇಸಿಗೆಯಿಂದ ನನ್ನ ಮಗ ಸೊಸೆ ಬರ್ತಾರೆ ಇಲ್ಲಿಗೆ, ಜಾಗ ಸಾಲಲ್ಲ, ನಿನ್ನ ಬೀಗದಕೈ ಮೇಜಿನ ಮೇಲಿಟ್ಟು ಹೋಗು. ಮಂಚ ಅವ್ನು ಮಾಡಿದ್ದು ಗೆರ್ಡ್. ಮಂಚ ಬೇಕಾದ್ರೆ ಹೊತ್ಕೊಂಡ್ಹೋಗು. ಗುಡ್ಡದಿಂದ ಮಂಚ ಹೊತ್ತು ಇಳಿಯುವುದು ಹೇಗೆ, ಅವಳಿಗೂ ಗೊತ್ತು, ನನಗೂ ಗೊತ್ತು. ಎದ್ದು ಬಂದು ಕೊನೆಯ ಭಾಗ ನನ್ನ ಮಡಿಲಿಗೆ ಹಾಕಿ ಕಟ್ಟಿಗೆ ತರಲು ಹೊರಗೆ ಹೋದಳು. ಪುಟಗಳು ಸಿಕ್ಕವು, ಮನೆ ಹೋಯಿತು. ಓದು ಒಡ್ನಿ, ಇನ್ನು ಯಾರೂ ಮಾತಾಡಿಸುವುದಿಲ್ಲ, ಮೊದಲ ಸಾಲು, ಕೈಗವಸು ತೊಟ್ಟ ಕೈ, ಮತ್ತೆ ಮೊದಲ ಸಾಲು, ಬಾಗಿಲ ಅಂಚಿನಲ್ಲಿ ಆ ಕೈ, ಕಣ್ಣು ಮುಂದಿನ ಸಾಲಿಗೆ ಹೋಗುತ್ತಿಲ್ಲ, ಆ ಕೈ, ಬಾಗಿಲು ಬೆರಳಷ್ಟು —