ಮಾತಿನಮಲ್ಲ ಗೆದ್ದ ಚರ್ಚೆ

ಕನ್ನಡಕದಂಗಡಿಯವನಿಗೆ ಆ ಬೀದಿಯವರು ಇಟ್ಟ ಹೆಸರು ಮಾತಿನಮಲ್ಲ. ಬಂದ ಗಿರಾಕಿ ಫ್ರೇಮು ಆರಿಸುವಷ್ಟರಲ್ಲಿ ಅವರನ್ನು ಒಮ್ಮೆಯಾದರೂ ನಗಿಸದಿದ್ದರೆ ಅವನಿಗೆ ವ್ಯಾಪಾರ ಮಾಡಿದಂತೆಯೇ ಅನಿಸುತ್ತಿರಲಿಲ್ಲ. ಹೀಗಾಗಿ ವರ್ತಕರ ಸಂಘದ ವಾರ್ಷಿಕ ಕೂಟದಲ್ಲಿ ‘ಎಂಬತ್ತರ ದಶಕದ ಹಾಡು: ಚಿನ್ನವೋ ತಗಡೋ?’ ಎಂಬ ಚರ್ಚೆ ಇಟ್ಟಾಗ, ತಗಡಿನ ಪರ ಮಾತಾಡಲು ಬೇರೆ ಹೆಸರು ಯಾರಿಗೂ ಹೊಳೆಯಲಿಲ್ಲ. ಚಿನ್ನದ ಪರ ನಿಂತವರು ಎದುರು ಸಾಲಿನ ಟೈಲರಮ್ಮ.

ನಿಜಕ್ಕೂ ಆ ಹಾಡುಗಳ ಮೇಲೆ ಅವನಿಗೆ ಹಗೆಯೇನೂ ಇರಲಿಲ್ಲ. ಬೆಳೆದದ್ದೇ ಅವುಗಳ ನಡುವೆ. ತಾಯಿ ತೀರಿಕೊಂಡಾಗ ಅವನಿನ್ನೂ ಚಿಕ್ಕವನು. ಅಣ್ಣನ ಕೈಹಿಡಿದು ಆಗಷ್ಟೇ ಮನೆಗೆ ಬಂದಿದ್ದ ಅತ್ತಿಗೆಯೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದು. ಅತ್ತಿಗೆಗೆ ಮಾತು ತೊದಲುತ್ತಿತ್ತು. ಒಂದು ಅಕ್ಷರಕ್ಕೆ ಸಿಕ್ಕಿಕೊಂಡರೆ ಮುಂದಿನದಕ್ಕೆ ದಾಟುವಷ್ಟರಲ್ಲಿ ಕುತ್ತಿಗೆಯ ನರ ಉಬ್ಬುತ್ತಿತ್ತು. ಹಾಡಿನಲ್ಲಿ ಮಾತ್ರ ಆ ತೊಡಕಿರಲಿಲ್ಲ. ಅದಕ್ಕೇ ಆಕೆ ರೇಡಿಯೋದಲ್ಲಿ ಕೇಳಿದ ಧಾಟಿಗಳಿಗೆ ತನ್ನ ಮಾತನ್ನೇ ಕೂರಿಸಿಕೊಂಡು ಹಾಡಿಬಿಡುತ್ತಿದ್ದರು: ಬಾಗಿಲು ಹಾಕು, ನೀರು ತುಂಬಿಸು, ಊಟಕ್ಕೆ ಬಾರೋ ನನ್ನ ರಾಜ. ಶ್ರುತಿ ಏರಿಗೆಳೆದರೆ ತಾಳ ನೀರಿಗೆಳೆಯುತ್ತಿತ್ತು. ಆದರೂ ಬೀದಿಯಲ್ಲಿ ಆಡುತ್ತಿದ್ದವನು ಆ ದನಿ ಕೇಳಿದ್ದೇ ಓಡಿ ಬರುತ್ತಿದ್ದ. ಅಣ್ಣ ತೀರಿಹೋದ ಮೇಲೂ, ಇವನಿಗೆ ಮದುವೆಯಾದ ಮೇಲೂ ಆ ಅಭ್ಯಾಸ ನಿಂತಿರಲಿಲ್ಲ. ಮಹಡಿ ಮೆಟ್ಟಿಲ ಬುಡದಲ್ಲಿ ನಿಂತು ಹಾಗೆಯೇ ಕರೆಯುತ್ತಿದ್ದರು.

ಕೂಟದ ದಿನ ಸಭಾಂಗಣ ತುಂಬಿತ್ತು. ಮಾತಿನಮಲ್ಲ ಮೊದಲ ಮಾತಿಗೇ ಜನರನ್ನು ಗೆದ್ದುಕೊಂಡ.

“ಆ ಕಾಲದ ಸಂಗೀತ ಅಂದ್ರೆ ಏನ್ರೀ? ತಾಳಕ್ಕೆ ಮನುಷ್ಯನ ಬದಲು ಒಂದು ಮಿಷಿನ್ನು. ಬಟನ್ ಒತ್ತಿ ನೀವು ಟೀ ಕುಡಿದು ಬಂದ್ರೂ ಅದರ ಪಾಡಿಗೆ ಅದು ಡಬ್ ಡಬ್ ಅಂತಿರುತ್ತೆ. ಇನ್ನು ಸಾಹಿತ್ಯ! ಒಂದು ಸಾಲು ಬರೆಯೋಷ್ಟರಲ್ಲಿ ಬರೆದೋನಿಗೆ ಸುಸ್ತು. ಅದನ್ನೇ ಎರಡೆರಡು ಸಲ ಹಾಡೋದು, ಆಮೇಲೆ ‘ಲಲ್ಲಲ್ಲಾ’ ಅಂತ ಊರೆಲ್ಲ ಸುತ್ತಿ ಬಂದು ಮತ್ತೆ ಅದೇ ಸಾಲಿಗೆ ಬೀಳೋದು!”

ನಗು ಇಳಿಯುವವರೆಗೆ ಟೈಲರಮ್ಮ ಕಾದರು. “ನಗೋದು ಸುಲಭ ಕಣ್ರೀ. ಎಂಬತ್ತಕ್ಕೂ ಮುಂಚೆ ಹಾಡು ಅಂದ್ರೆ ಕಲಿತವರ ಆಸ್ತಿ. ನಾವು ಕೈಕಟ್ಟಿ ಕೇಳ್ಬೇಕಿತ್ತು. ಆ ಹತ್ತು ವರ್ಷದ ಹಾಡು ಎಂಥಾ ಗಂಟಲಿಗೂ ಒಗ್ತಿತ್ತು. ಮಿಷಿನ್ ತುಳೀತಾ ನಾನು ಹಾಡಿದೀನಿ, ಬಟ್ಟೆ ಒಗೀತಾ ನಮ್ಮಮ್ಮ ಹಾಡಿದಾಳೆ. ಯಾರು ಬೇಕಾದ್ರೂ ಹಾಡಬಹುದಿತ್ತು. ಅದು ಸಣ್ಣ ಮಾತಾ?”

ಚಪ್ಪಾಳೆ ಜೋರಾಗಿ ಬಿತ್ತು. ಸಭೆ ಕೈತಪ್ಪುತ್ತಿದೆ ಎಂದು ಮಾತಿನಮಲ್ಲನಿಗೆ ಅನಿಸಿತು. ಆ ಕ್ಷಣ ಬಾಯಿಗೆ ಬಂದದ್ದನ್ನು ಅವನು ಮೊದಲೇ ಯೋಚಿಸಿರಲಿಲ್ಲ.

“ಅದೇ ಕಣ್ರೀ ಗ್ರಹಚಾರ! ಯಾರು ಬೇಕಾದ್ರೂ ಹಾಡಿದ್ರೆ ಏನಾಗುತ್ತೆ ಗೊತ್ತಾ? ನಮ್ಮನೇಲಿ ಒಬ್ಬರಿದಾರೆ, ಕೇಳಿ.”

ಒದ್ದೆ ಕೈ ಒರೆಸಿಕೊಂಡಂತೆ ಮಾಡಿ, ಕುತ್ತಿಗೆ ಚಾಚಿ, ಹಾಡಿನಲ್ಲಿ ಅವರಿಗಿಲ್ಲದ ತೊದಲನ್ನೂ ಸೇರಿಸಿ, “ಊ... ಊ... ಊ...” ಎಂದು ಒದ್ದಾಡಿ, ಕೊನೆಗೆ ಅಪಸ್ವರದಲ್ಲಿ ಎಳೆದ: “ಊಟಕ್ಕೇ ಬಾರೋ, ನನ್ನಾ ರಾಜಾ...” ಸೂರು ಹಾರಿಹೋಗುವಂತೆ ಜನ ನಕ್ಕರು. ಮೆಡಿಕಲ್ ಸ್ಟೋರಿನವನು ಕಣ್ಣೀರು ಒರೆಸಿಕೊಂಡು “ಇನ್ನೊಂದ್ಸಲ!” ಎಂದು ಕೂಗಿದ. ಇವನು ಇನ್ನೊಮ್ಮೆ ಮಾಡಿದ. ಈ ಸಲ ತೊದಲು ಇನ್ನೂ ಉದ್ದವಾಗಿತ್ತು.

ಆಮೇಲೆ ಕಂಡಿತು. ಹಿಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಅತ್ತಿಗೆ ಕುಳಿತಿದ್ದರು. ಅವರೂ ನಗುತ್ತಿದ್ದರು, ಬಾಯಿಗೆ ಕೈ ಅಡ್ಡ ಹಿಡಿದು, ಸುತ್ತಲಿನವರೆಲ್ಲ ನಗುವಾಗ ತಾನೊಬ್ಬಳು ನಗದಿದ್ದರೆ ಚೆನ್ನಾಗಿರುವುದಿಲ್ಲ ಎನ್ನುವ ಹಾಗೆ. ಹೆಂಡತಿ ನೆಲ ನೋಡುತ್ತಿದ್ದಳು.

ಗೆದ್ದವರಿಗೆಂದು ಇಟ್ಟಿದ್ದ ಕಪ್ ಅವನ ಕೈಗೆ ಬಂತು.

ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಅತ್ತಿಗೆ ಎಂದಿನಂತೆ ಬಡಿಸಿದರು. ಆದರೆ ಮಾರನೆಯ ದಿನದಿಂದ ಮೆಟ್ಟಿಲ ಬುಡದಿಂದ ಹಾಡು ಕೇಳಲಿಲ್ಲ. ಎರಡು ದಿನ ಹೋದರೆ ಸರಿಹೋಗುತ್ತೆ ಎಂದುಕೊಂಡ. ಅಷ್ಟರಲ್ಲಿ ಧಾಟಿ ಬೀದಿಗೆ ಬಿದ್ದಿತ್ತು. ಇವನು ಅಂಗಡಿಯ ಷಟರ್ ಎತ್ತಿದರೆ ಸಾಕು, ಆ ಕಡೆಯಿಂದ ಯಾರಾದರೂ “ಊ... ಊ...” ಶುರುಮಾಡುತ್ತಿದ್ದರು. ಮೊದಮೊದಲು ಅವನೂ ಕೈಬೀಸಿ ನಕ್ಕ.

ಒಂದು ಬೆಳಿಗ್ಗೆ ಅತ್ತಿಗೆ ಹಾಲಿನಂಗಡಿಯಿಂದ ಖಾಲಿ ಕ್ಯಾನು ಹಿಡಿದು ವಾಪಸು ಬಂದರು. ಹಾಲು ಖಾಲಿಯಾಗಿತ್ತೇ ಎಂದರೆ ಅಲ್ಲವೆಂಬಂತೆ ತಲೆಯಾಡಿಸಿ ಒಳಗೆ ಹೋದರು. ಹೆಂಡತಿ ಹೋಗಿ ವಿಚಾರಿಸಿಕೊಂಡು ಬಂದಳು.

“ಹಾಲು ಕೊಡಿ ಅನ್ನೋಕೆ ಅಕ್ಕ ಬಾಯಿ ತೆಗೆದಿದ್ದಾರೆ. ಬೆಂಚಿನ ಮೇಲೆ ಕೂತಿದ್ದೋರು ನಿಮ್ಮ ಹಾಡು ಹೇಳಿದ್ರಂತೆ. ಹಾಗೇ ತಿರುಗಿ ಬಂದಿದ್ದಾರೆ.”

ಅವನ ಕಿವಿ ಬಿಸಿಯಾಯಿತು. “ಸಂಘದ ಸಭೇಲಿ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ,” ಎಂದ.

“ಇನ್ನೊಂದ್ಸಲ ಅಕ್ಕನ್ನ ಸಭೆಗೆ ಎಳೀತೀರಾ? ಅದಕ್ಕೂ ಚಪ್ಪಾಳೆ ಬೇಕಾ ನಿಮಗೆ?”

ಅತ್ತಿಗೆ ಒಳಕೋಣೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದರು. ಅವನು ಬಾಗಿಲಲ್ಲಿ ನಿಂತ.

“ಅತ್ತಿಗೆ, ಅವತ್ತು... ನಾನು...”

ಅತ್ತಿಗೆ ಟವೆಲನ್ನು ಕೈಯಲ್ಲೇ ಹಿಡಿದು ಅವನ ಮುಖ ನೋಡುತ್ತ ಕಾದರು. ಅವನ ಬಾಯಿಗೆ ಒಂದು ಪದವನ್ನೂ ತುರುಕಲಿಲ್ಲ. ತಾನು ಮಾತ್ರ ಬುದ್ಧಿ ಬಂದಾಗಿನಿಂದ ಅವರ ಅರ್ಧ ಮಾತನ್ನು ಕಿತ್ತುಕೊಂಡು ತಾನೇ ಮುಗಿಸಿ, ಅದನ್ನು ಉಪಕಾರ ಎಂದುಕೊಂಡಿದ್ದದ್ದು ಅವನಿಗೆ ಹೊಳೆಯಿತು.

“ತಪ್ಪಾಯ್ತು ಅತ್ತಿಗೆ.”

“ಹಾ... ಹಾಗೇನಾ ನಾನು ಹಾಡೋದು?”

ಇಲ್ಲ ಎನ್ನಬೇಕೆಂದಿದ್ದ. ಆಗಲಿಲ್ಲ. ಅಪಸ್ವರವಂತೂ ನಿಜವಾಗಿತ್ತು. ತಲೆ ತಗ್ಗಿಸಿದ.

“ನಂಗೆ ಗೊ... ಗೊತ್ತೇ ಇರ್ಲಿಲ್ಲ ನೋಡು,” ಎಂದು ಅತ್ತಿಗೆ ಟವೆಲು ಮಡಿಸಿದರು. ಮುಂದಿನ ಮಾತಿಗೆ ಸಾಕಷ್ಟು ಹೊತ್ತು ಹಿಡಿಯಿತು. “ಆ ಹಾಡಲ್ಲಿ ಒಂದೇ ಸಾಲು ಎ... ಎರಡು ಸಲ ಬರುತ್ತೆ ಅಂತ ನೀನು ತಮಾಷೆ ಮಾಡ್ದೆ. ನಂಗೆ ಇಷ್ಟ ಆಗಿದ್ದೇ ಅ... ಅದಕ್ಕೆ. ಮೊದಲ್ನೇ ಸಲ ತಪ್ಪಿದ್ರೆ ಎರಡನೇ ಸಲ ಹಿ... ಹಿಡ್ಕೋಬಹುದು.”

“ಬಯ್ಯಿರಿ ಅತ್ತಿಗೆ, ಸುಮ್ನಿರಬೇಡಿ.”

“ಕೋಪ ಇಲ್ಲ ಕಣೋ. ಹಾಡೋಣ ಅಂತ ಬಾಯಿ ತೆಗೆದ್ರೆ ನಿ... ನಿನ್ನ ದನಿ ಕೇಳುತ್ತೆ.”

ಅವನು ಅಂಗಡಿಗೆ ಹೋಗಲಿಲ್ಲ. ಹಾಲಿನಂಗಡಿ, ಮೆಡಿಕಲ್ ಸ್ಟೋರು, ಬ್ಯಾಗು ರಿಪೇರಿಯವನು, ಒಬ್ಬೊಬ್ಬರ ಹತ್ತಿರವೂ ಹೋಗಿ ನಿಂತ. “ನಾನು ಮಾಡಿದ್ದು ತಪ್ಪು. ದಯವಿಟ್ಟು ನೀವು ನಿಲ್ಸಿ.” ಕೆಲವರು ಮುಖ ಸಣ್ಣದು ಮಾಡಿಕೊಂಡರು. ಮೆಡಿಕಲ್ ಸ್ಟೋರಿನವನು, “ಹೇಳ್ಕೊಟ್ಟಿದ್ದೇ ನೀನಲ್ಲಪ್ಪಾ! ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು,” ಎಂದ. ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತ, “ಅವತ್ತು ನಾನೂ ನಕ್ಕೆ. ಅವರಂಥೋರ ಪರವಾಗಿ ಮಾತಾಡೋಕೆ ನಿಂತೋಳು ನಾನು, ನಾನೂ ನಕ್ಕೆ,” ಎಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಬರಬರುತ್ತ ಬೀದಿ ಆ ಧಾಟಿಯನ್ನು ಮರೆಯಿತು. ಅತ್ತಿಗೆ ಮತ್ತೆ ಹಾಲಿಗೆ ಹೋಗತೊಡಗಿದರು. ಹಾಡು ಮಾತ್ರ ಮನೆಗೆ ವಾಪಸು ಬರಲಿಲ್ಲ. ಮುಂದಿನ ಚರ್ಚೆಗೆ ಸಂಘದವರು ಕರೆದಾಗ ಅವನು ಒಲ್ಲೆ ಎಂದ. ಅವರು ಬೇರೆಯವರನ್ನು ಹುಡುಕಿಕೊಂಡರು, ಕೂಟ ಚೆನ್ನಾಗಿಯೇ ನಡೆಯಿತಂತೆ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಅತ್ತಿಗೆ ಏನನ್ನೋ ಹೇಳಲು ಹೊರಟು ಸಿಕ್ಕಿಕೊಂಡರು. ನಾಲಿಗೆ ತುದಿಗೆ ಬಂದ ಪದವನ್ನು ಅವನು ನುಂಗಿಕೊಂಡ. ತುತ್ತು ಕೈಯಲ್ಲೇ ಹಿಡಿದು, ಕಣ್ಣು ಕೀಳದೆ, ಅವರು ತಾವಾಗಿ ಮುಗಿಸಲಿ ಎಂದು ಕಾದ. ಅವನು ಕಾಯುತ್ತಿರುವುದನ್ನು ಕಂಡು ಅತ್ತಿಗೆಯ ಮಾತು ಇನ್ನಷ್ಟು ಬಿಗಿದುಕೊಂಡಿತು.

“ಬಿ... ಬಿಡು,” ಎಂದರು ಕೊನೆಗೆ. “ಹಾಗೆ ನೋಡ್ಬೇಡ ಕಣೋ. ಊಟ ಮಾಡು.”