ಭಾವ ಹೇಳಿದ ದಾರಿ

ಕಾಡಿನೊಳಗೆ ಹಾರ್ನ್ ಹೊಡೆಯುವಂತಿಲ್ಲ, ಫೋನ್ ಸಿಗುವುದಿಲ್ಲ. ಹಾಗಾಗಿ ಎದುರಾದ ಸಫಾರಿ ಜೀಪುಗಳು ಪಕ್ಕಪಕ್ಕ ನಿಂತು, ಯಾವ ಪ್ರಾಣಿ ಎಲ್ಲಿದೆ ಎಂದು ಹೇಳಿಕೊಂಡು ಮುಂದೆ ಹೋಗುವುದು ಡ್ರೈವರುಗಳ ಕಟ್ಟುಪಾಡು. ಹೇಳುವುದೂ ತಗ್ಗಿದ ದನಿಯಲ್ಲಿ. ಹಿಂದೆ ಕೂತವರಿಗೆ ಕೇಳಿಸಿದರೆ ಆಮೇಲೆ ಅವರ ಆಸೆಗೆ ಬ್ರೇಕೇ ಇರುವುದಿಲ್ಲ.

ಅಕ್ಕ ಗಂಡನನ್ನು ಬಿಟ್ಟು ಬಂದಂದಿನಿಂದ ಈ ಕತೆಯ ಡ್ರೈವರಿಗೂ ಅವನ ಭಾವನಿಗೂ ಆ ಕಟ್ಟುಪಾಡು ಮುರಿದುಬಿದ್ದಿತ್ತು. ಭಾವನೂ ಅದೇ ರೆಸಾರ್ಟಿನ ಡ್ರೈವರು. ಎದುರಾದರೆ ಇಬ್ಬರೂ ದೂಳೆಬ್ಬಿಸಿಕೊಂಡು ಹೋಗುವವರೇ. ಸಾಲದ್ದಕ್ಕೆ ಭಾವ ಉಳಿದ ಡ್ರೈವರುಗಳ ಕಿವಿಯಲ್ಲೂ ಊದಿದ್ದ. ಅವರೂ ಇವನನ್ನು ಕಂಡರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಇವನ ಜೀಪು ಹತ್ತಿದವರಿಗೆ ಜಿಂಕೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇವತ್ತೂ ಹಾಗೇ ಆದರೆ ಸ್ಟಿಯರಿಂಗ್ ಬಿಟ್ಟು ಅತಿಥಿಗಳ ಸೂಟ್‌ಕೇಸ್ ಹೊರಬೇಕಾಗುತ್ತದೆ ಎಂದು ಮ್ಯಾನೇಜರು ಬೆಳಿಗ್ಗೆಯೇ ಹೇಳಿ ಕಳಿಸಿದ್ದ.

ಇವತ್ತಿನವರು ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ. ಚಿರತೆ ನೋಡಲೆಂದೇ ಬಂದವರು.

"ಏನ್ರೀ ಡ್ರೈವರೇ, ಈ ಜಿಂಕೆಗಳನ್ನೆಲ್ಲ ನೀವೇ ಸಾಕಿ ಬಿಟ್ಟಿದೀರಾ?" ಎಂದರು ಆಕೆ. ಡಾಕ್ಟರು ನಗಲಿಲ್ಲ, ಕಣ್ಣು ಕಿರಿದು ಮಾಡಿ ಇವನ ಕತ್ತನ್ನೇ ನೋಡುತ್ತಿದ್ದರು.

ತಿರುವಿನಲ್ಲಿ ಭಾವನ ಜೀಪು ಎದುರಾಯಿತು. ಈ ಸಲ ಅದು ನಿಂತಿತು.

"ಕೆರೆ ಕಡೆ ಹೋಗ್ಬೇಡ. ಮರಿ ಜೊತೆ ಆನೆ ಇದೆ, ಕೆರಳಿದೆ. ಚಿರತೆ ಬಂಡೆ ಮೇಲೆ ಮಲಗಿದೆ."

ಅಷ್ಟು ಹೇಳಿ ಭಾವ ಹೊರಟೇಬಿಟ್ಟ. ಇನ್ನು ಕೈ ಎತ್ತುವುದಿಲ್ಲ ಎಂದು ಭಾವ ಮಾತು ಕೊಟ್ಟು ಅಕ್ಕನನ್ನು ಕರೆದುಕೊಂಡು ಹೋಗುವುದು, ತಿಂಗಳು ತುಂಬುವ ಮೊದಲೇ ಅವಳು ಊದಿದ ಮುಖ ಹೊತ್ತು ವಾಪಸು ಬರುವುದು, ಇದನ್ನು ಮತ್ತೆ ಮತ್ತೆ ಕಂಡಿದ್ದವನು ಇವನು. ಚಿರತೆ ಕೆರೆ ಹತ್ತಿರವೇ ಇದೆ, ತನ್ನನ್ನು ಬಂಡೆಗೆ ಅಟ್ಟಿ ಸೂಟ್‌ಕೇಸ್ ಹೊರಿಸುವ ಹುನ್ನಾರ ಇದು ಎಂದುಕೊಂಡ. ಜೀಪನ್ನು ಕೆರೆಯತ್ತ ತಿರುಗಿಸಿದ.

ಆನೆ ಪೊದೆಯಿಂದ ನೇರವಾಗಿ ನುಗ್ಗಿತು. ರಿವರ್ಸ್ ಹಾಕಿದ ರಭಸಕ್ಕೆ ಹಿಂದಿನ ಚಕ್ರ ಚರಂಡಿಗಿಳಿದು ಕೂತಿತು. ಆನೆ ಬಾನೆಟ್ಟನ್ನು ಒಮ್ಮೆ ಗುದ್ದಿತು. ಹೆಡ್‌ಲೈಟು ಪುಡಿಯಾಯಿತು. ಡಾಕ್ಟರ ಹೆಂಡತಿ ಸೀಟಿನ ಕೆಳಗೆ ಮುದುಡಿಕೊಂಡರು. ಅಷ್ಟರಲ್ಲಿ ಮರಿ ರಸ್ತೆ ದಾಟಿತು, ತಾಯಿ ಅದರ ಹಿಂದೆ ಹೋಯಿತು.

ಘೀಳು ಕೇಳಿ ಭಾವ ವಾಪಸು ಬಂದಿದ್ದ. ಆನೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ಹಗ್ಗ ಹಿಡಿದು ಚರಂಡಿಗಿಳಿದ. ಡಾಕ್ಟರು ಮೇಲೆ ನಿಂತು ಕೂಗಾಡುತ್ತಿದ್ದರು.

"ಬಾಮೈದ," ಎಂದ ಭಾವ ಮೆಲ್ಲಗೆ, "ಆನೆ ವಿಷಯ ಹೇಳೋಕೆ ನಾನೇ ಮರೆತೆ ಅಂತ ಮ್ಯಾನೇಜರ್‌ಗೆ ಹೇಳ್ತೀನಿ. ನಿನ್ ಕೆಲಸ ಉಳಿಯುತ್ತೆ. ನಾಳೆ ನಿಮ್ಮಕ್ಕ ಮನೇಲಿರ್ಬೇಕು."

"ಹಗ್ಗ ಕೊಡು."

"ಅದಕ್ಕೇನು ಹೇಳ್ತೀಯ?"

"ಹಗ್ಗ ಕೊಡು ಅಂದೆ."

ಹಗ್ಗ ಕಸಿದುಕೊಂಡು ತಾನೇ ಕಟ್ಟಿದ. ರೆಸಾರ್ಟಿಗೆ ಬಂದವನೇ ಭಾವನಿಗಿಂತ ಮೊದಲು ಮ್ಯಾನೇಜರ ಕೋಣೆಗೆ ನುಗ್ಗಿ, ಆನೆಯಿದೆ ಎಂದು ಭಾವ ಹೇಳಿದರೂ ಕೇಳದೆ ಹೋದೆ ಎಂದ. ಮ್ಯಾನೇಜರು ಕೈ ಚಾಚಿ ಜೀಪಿನ ಕೀಲಿ ಇಸಿದುಕೊಂಡ.

ಅಕ್ಕ ರೆಸಾರ್ಟಿನ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಎಲ್ಲ ಕೇಳಿ ಅವಳ ಕಣ್ಣೇನೂ ತುಂಬಲಿಲ್ಲ.

"ಅವನು ಗಾಡಿ ವಿಷಯದಲ್ಲಿ ಸುಳ್ಳು ಹೇಳಲ್ಲ ಕಣೋ ಪೆದ್ದ. ನನ್ನ ಕೇಳಿದ್ರೆ ಹೇಳ್ತಿದ್ದೆ."

"ನಿನ್ನ ಕೇಳೋಕೆ ನೀನೇನು ಜೀಪಲ್ಲಿದ್ಯಾ?"

"ಇನ್ಮೇಲೆ ನೀನೂ ಇರಲ್ಲ ಬಿಡು," ಎಂದು ಅವಳು ಮಸಿ ಹಿಡಿದ ದೊಡ್ಡ ಪಾತ್ರೆಯೊಂದನ್ನು ಅವನ ಕಡೆ ನೂಕಿದಳು.