ಎಡಕ್ಕೆ ಹೋಗುವ ಬಸ್ಸು

"ಹಿಂದೆ ಹೋಗಿ, ಹಿಂದೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ," ಎಂದ ಕಂಡಕ್ಟರ್.

ಬಸ್ಸಿನಲ್ಲಿ ಯಾರೂ ಇರಲಿಲ್ಲ. ಇದ್ದವರೆಲ್ಲ ಆಗಷ್ಟೇ ಕವಲಿನಲ್ಲಿ ಇಳಿದು, ಚೀಲ ಹೆಗಲಿಗೇರಿಸಿ, ಬಲಗಡೆಯ ರಸ್ತೆ ಹಿಡಿದಿದ್ದರು.

"ಯಾರಿಗಯ್ಯಾ ಹೇಳ್ತಿದ್ದೀಯ? ಕಿಟಕಿ ಸರಳಿಗಾ?" ಎಂದ ಡ್ರೈವರ್.

"ಬಾಯಿಗೆ ಬ್ರೇಕಿಲ್ಲ ಅಣ್ಣ," ಎಂದು ನಕ್ಕವನು, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಿದ್ದವಳನ್ನು ಕಂಡು ಟಿಕೆಟ್ ಚೀಲ ಸರಿಪಡಿಸಿಕೊಂಡ. ಬಸ್ಸು ಅವಳದು. ಗಂಡ ಹೋದ ಮೇಲೆ ಅವಳು ಇದನ್ನು ಹತ್ತಿದ್ದು ಇವತ್ತೇ ಮೊದಲು.

ಎಡಕ್ಕೆ ಹೊರಳುವ ಮುನ್ನ ಡ್ರೈವರ್ ಒಮ್ಮೆ ಹಾರ್ನ್ ಒತ್ತಿದ. ಚಿಕ್ಕದಾಗಿ, ಮಲಗಿದವರ ಕೋಣೆಯ ಬಾಗಿಲು ತಟ್ಟುವ ಹಾಗೆ. ಅಡ್ಡ ಯಾರೂ ಬಂದಿರಲಿಲ್ಲ. ಬಲಗಡೆಯ ರಸ್ತೆ ಶುರುವಾಗುವಲ್ಲಿ ಹಳದಿ ಬಣ್ಣದ ತಂಗುದಾಣವಿತ್ತು. ಅದರ ಸಿಮೆಂಟು ಬೆಂಚು ಖಾಲಿಯಿತ್ತು. ಅವಳು ಅತ್ತ ನೋಡಿದಳು. ಡ್ರೈವರ್ ನೋಡಲಿಲ್ಲ.

ಎಡಗಡೆಯ ರಸ್ತೆ ಹಳೆಯ ಕಾರ್ಖಾನೆಯ ವಸತಿಗೆ ಹೋಗುತ್ತದೆ. ಕಾರ್ಖಾನೆ ಮುಚ್ಚಿದ ಮೇಲೆ ಜನ ಗುಡ್ಡದ ಆಚೆ ಹೊಸ ಬಡಾವಣೆ ಕಟ್ಟಿಕೊಂಡರು. ಈ ಬಸ್ಸಿನ ಪರ್ಮಿಟ್ ಮಾತ್ರ ಹಳೆಯ ವಸತಿಗೇ ಉಳಿಯಿತು. ದಿನಾ ಅಲ್ಲಿಗೆ ಹೋಗಿ ಬರದಿದ್ದರೆ ಪರ್ಮಿಟ್ ರದ್ದು. ಬಲಕ್ಕೆ ಹೋದರೆ ಬಸ್ಸೇ ಜಪ್ತಿ. ಬಲಗಡೆಯ ರಸ್ತೆಯನ್ನು ಸರ್ಕಾರ ತನ್ನದೇ ಬಸ್ಸಿಗೆಂದು ಕಾಯ್ದಿರಿಸಿ, ತಂಗುದಾಣ ಕಟ್ಟಿಸಿ, ಮಂತ್ರಿಗಳಿಂದ ರಿಬ್ಬನ್ ಕಟ್ ಮಾಡಿಸಿತ್ತು. ಬಸ್ಸು ಬಂದಿರಲಿಲ್ಲ.

ಮಾರ್ಗ ಬದಲಿಸಿಕೊಡಿ ಎಂದು ಅವಳ ಗಂಡ ಸಾರಿಗೆ ಕಚೇರಿಗೆ ಅಲೆದಿದ್ದ. ಆ ರಸ್ತೆಯಲ್ಲಿ ಸರ್ಕಾರಿ ಬಸ್ಸು ಓಡುತ್ತಿದೆಯಲ್ಲ, ಎಂದಿದ್ದರು ಅಲ್ಲಿನ ಅಧಿಕಾರಿ. ಓಡುತ್ತದೋ ಇಲ್ಲವೋ ನಾನೇ ನೋಡಿ ಬಂದು ಹೇಳುತ್ತೇನೆ ಎಂದು ಅವನು ಒಂದು ಬೆಳಗ್ಗೆ ಹೋಗಿ ಆ ಬೆಂಚಿನ ಮೇಲೆ ಕೂತ. ಊಟದ ಡಬ್ಬಿ ಅವಳೇ ಕಟ್ಟಿಕೊಟ್ಟಿದ್ದಳು. ಸಂಜೆ ಅವನ ಬಸ್ಸು ಅವನೆದುರೇ ಎಡಕ್ಕೆ ಹೊರಳಿತು. ಯಜಮಾನರು ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಾರೆಂದುಕೊಂಡ ಡ್ರೈವರ್ ಹಾರ್ನ್ ಒತ್ತಿದ. ಅವನು ಏಳಲಿಲ್ಲ. ಟೈಮ್ ಮೀರುತ್ತಿತ್ತು. ಹಳೆಯ ವಸತಿಗೆ ಹೋಗಿ ತಿರುಗಿ ಬಂದಾಗಲೂ ಅವನು ಹಾಗೇ ಕೂತಿದ್ದ. ಸ್ವಲ್ಪ ಮುಂಚೆ ಕರೆತಂದಿದ್ದರೆ, ಎಂದರು ಡಾಕ್ಟರು.

ಇವತ್ತು ಬೆಳಗ್ಗೆ ಅದೇ ಕಚೇರಿಯಲ್ಲಿ ಅದೇ ಅಧಿಕಾರಿ ಅವಳನ್ನು ಕೂರಿಸಿ ನೀರು ತರಿಸಿಕೊಟ್ಟರು. "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತಮ್ಮ. ಆದ್ರೆ ಆ ರಸ್ತೇಲಿ ಆಗ್ಲೇ ಬಸ್ಸಿದೆಯಲ್ಲ." ದನಿಯಲ್ಲಿ ನಿಜವಾದ ಮರುಕವಿತ್ತು.

"ಆಸ್ಪತ್ರೆ ಸ್ಟಾಪ್," ಎಂದು ಕೂಗಿದ ಕಂಡಕ್ಟರ್. ಆಸ್ಪತ್ರೆಯ ಬಾಗಿಲನ್ನು ಯಾರೋ ಚೌಕಟ್ಟಿನ ಸಮೇತ ಒಯ್ದಿದ್ದರು. "ಸ್ಕೂಲ್ ಸ್ಟಾಪ್." ಸ್ಕೂಲಿಗೆ ಚಾವಣಿಯಿರಲಿಲ್ಲ. ಪ್ರತಿ ಸಲವೂ ಬಾಗಿಲು ತೆಗೆದು, ಯಾರೋ ಹತ್ತುವಷ್ಟು ಹೊತ್ತು ಕಾದು, ಸೀಟಿ ಊದುತ್ತಿದ್ದ.

"ಕೂಗಲೇಬೇಕಾ?" ಎಂದು ಕೇಳಿದಳು.

"ಕೂಗ್ದೆ ಇದ್ರೆ ಭಯ ಆಗುತ್ತಕ್ಕಾ."

ಕೊನೆಯ ಸ್ಟಾಪಿನಲ್ಲಿ ಟೈಮ್ ಕೀಪರ್ ತನ್ನ ಗೂಡಿನ ಮುಂದೆ ನಿಂತಿದ್ದ. ಈ ಒಂದು ಬಸ್ಸು ಬಂದದ್ದನ್ನು ಬರೆದುಕೊಳ್ಳಲು ಇಲಾಖೆ ಅವನನ್ನು ಅಲ್ಲಿಟ್ಟಿತ್ತು. ದಪ್ಪ ಕನ್ನಡಕ ಏರಿಸಿ ಗಡಿಯಾರ ನೋಡಿದ, ಬರೆದ, ಗೂಡಿಗೆ ಬೀಗ ಹಾಕಿ ತಾನೇ ಬಸ್ಸು ಹತ್ತಿದ.

"ಮನೆ ಎಲ್ಲಿ?" ಎಂದು ಕೇಳಿದಳು.

"ಹೊಸ ಬಡಾವಣೆನಮ್ಮ. ಕವಲಲ್ಲಿ ಇಳಿದು ನಡೀತೀನಿ. ಅಲ್ಲಿಗೆ ಬಸ್ಸಿಲ್ವಲ್ಲ."

"ಅದನ್ನ ನಿಮ್ಮ ಆಫೀಸಲ್ಲಿ ಒಂದು ಮಾತು ಹೇಳಿ ಸ್ವಾಮಿ," ಎಂದ ಡ್ರೈವರ್.

"ನಾನು ಕಂಡ ಬಸ್ಸನ್ನ ಬರೀಬೇಕು, ಅಷ್ಟೆ. ಕಾಣದೆ ಇರೋ ಬಸ್ಸನ್ನ ಯಾವ ಕಾಲಂನಲ್ಲಿ ಬರೀಲಿ?"

"ಈ ಬಸ್ಸು ಬಲಕ್ಕೆ ಹೋದದ್ದನ್ನ ಕಂಡ್ರೆ?" ಎಂದಳು ಅವಳು.

ಅವನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. "ಬರೀಬೇಕಮ್ಮ. ಬರೆದ್ರೆ ನಿಮ್ಮ ಬಸ್ಸು ಹೋಗುತ್ತೆ. ಬರೀದೆ ಇದ್ರೆ ನನ್ನ ಕೆಲಸ ಹೋಗುತ್ತೆ."

ಈ ಬಸ್ಸು ಬಿಟ್ಟರೆ ಅವಳಿಗೆ ಬೇರೇನೂ ಇರಲಿಲ್ಲ.

ಕವಲು ಬರುವಷ್ಟರಲ್ಲಿ ಮಬ್ಬುಗತ್ತಲಾಗಿತ್ತು. ಡ್ರೈವರನ ಕೈ ಹಾರ್ನಿನ ಕಡೆ ಹೋಯಿತು.

"ಒತ್ತಬೇಡಿ ಅಣ್ಣ. ನಿಲ್ಸಿ."

ಟೈಮ್ ಕೀಪರ್ ಇಳಿದು ತಂಗುದಾಣ ದಾಟಿ ನಡೆದ.

"ಬಲಗಡೆ ರಸ್ತೆಗೆ ತಗೊಳ್ಳಿ."

"ಅಮ್ಮಾ, ಬಸ್ಸು ಉಳಿಯಲ್ಲ."

"ಗೊತ್ತು."

ಡ್ರೈವರ್ ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತ. "ಅವತ್ತೇ ನಾನು ಇಳಿದು ನೋಡಿದ್ರೆ..." ಎಂದ.

"ಲೈಟ್ ಹಾಕಿ ಅಣ್ಣ," ಎಂದಳು.

ಬಸ್ಸು ಆ ರಸ್ತೆಗೆ ಹೊರಳಿತು. ತಂಗುದಾಣದ ಆಚೆ, ಮೋರಿಯ ಕಟ್ಟೆಯ ಮೇಲೆ, ಹೊಲಿಗೆ ಯಂತ್ರದ ತಲೆಯನ್ನು ಇಳಿಸಿಕೊಂಡು ಒಬ್ಬ ಹೆಂಗಸು ಸುಧಾರಿಸಿಕೊಳ್ಳುತ್ತಿದ್ದಳು. ಜೊತೆಗೆ ಬಡಾವಣೆಗೆ ನಡೆದು ಹೊರಟ ಇನ್ನೂ ನಾಲ್ಕೈದು ಜನ. ಬೆಳಕು ಬಿದ್ದಾಗ ಯಾರೂ ಕೈ ತೋರಿಸಲಿಲ್ಲ. ಅಂಚಿಗೆ ಸರಿದು ನಿಂತರು.

"ಹತ್ತಿ," ಎಂದ ಕಂಡಕ್ಟರ್.

"ಇದು ಎಲ್ಲಿಗೆ ಹೋಗುತ್ತಪ್ಪಾ?"

"ನಿಮ್ಮ ಮನೆಗೆ."

"ತಮಾಷೆ ಮಾಡ್ಬೇಡ, ಸೊಂಟ ಬಿದ್ದು ಹೋಗಿದೆ," ಎನ್ನುತ್ತಲೇ ಹತ್ತಿದಳು. ಯಂತ್ರವನ್ನು ಎದೆಗೊತ್ತಿಕೊಂಡು ಬಂದು, ಬಸ್ಸಿನ ಯಜಮಾನಿಯ ಪಕ್ಕದ ಜಾಗ ತೋರಿಸಿ ಕೇಳಿದಳು, "ಇಲ್ಲಿ ಯಾರಾದ್ರೂ ಇದಾರಾ?"

ಅವಳು ಆ ಜಾಗವನ್ನು ನೋಡಿದಳು. "ಇಲ್ಲ," ಎಂದಳು.

ಕಂಡಕ್ಟರ್ "ಹಿಂದೆ" ಎನ್ನಲು ಬಾಯಿ ತೆರೆದವನು, ಮೊದಲು ತಿರುಗಿ ನೋಡಿ ಆಮೇಲೆ ಹೇಳಿದ.

ಮುಂದೆ, ಬೆಳಕಿನ ತುದಿಯಲ್ಲಿ, ಟೈಮ್ ಕೀಪರ್ ನಡೆಯುತ್ತಿದ್ದ. ಅವನ ನೆರಳು ಅವನಿಗಿಂತ ಬಹಳ ಮುಂದೆ ಹೋಗುತ್ತಿತ್ತು. ಬಸ್ಸಿನ ಸದ್ದು ಹತ್ತಿರವಾದಾಗ ಅವನು ಅಂಚಿಗೆ ಸರಿದು ನಿಂತ. ತಿರುಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಬಸ್ಸು ಅವನ ಪಕ್ಕಕ್ಕೇ ಬಂದು ನಿಂತಿತು. ಕಂಡಕ್ಟರ್ ಬಾಗಿಲು ತೆಗೆದ. ಅವನು ಗುಡ್ಡದ ಕಡೆ ಮುಖ ಮಾಡಿಕೊಂಡು ಒರೆಸುತ್ತಲೇ ಇದ್ದ.